ಗಣಕದೊಳಗಿನ ಸರದಿ

ಆದ್ಯತೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸು ಮರ್ಯಾದೆಯ ಕಡೆಗೆ ಹರಿಯುತ್ತದೆ. ಮದುವೆಯ ಮನೆಯಲ್ಲಿ ಮೊದಲ ತಾಂಬೂಲ ಯಾರಿಗೆ, ಜಾತ್ರೆಯಲ್ಲಿ ಮೊದಲ ಮಂಗಳಾರತಿ ಯಾವ ಮನೆತನಕ್ಕೆ, ಸಭೆಯಲ್ಲಿ ಮೊದಲ ಹಾರ ಯಾರ ಕೊರಳಿಗೆ - ಇವು ನಮ್ಮಲ್ಲಿ ಜಗಳಗಳಿಗೂ ಕಥೆಗಳಿಗೂ ವಸ್ತುವಾಗುತ್ತ ಬಂದ ಪ್ರಶ್ನೆಗಳು. ದೊಡ್ಡವರಿಗೆ ಮೊದಲು, ಚಿಕ್ಕವರಿಗೆ ಆಮೇಲೆ ಎಂಬುದು ಅಲ್ಲಿಯ ನ್ಯಾಯ. ನಾನು ಇಂದು ಹೇಳಹೊರಟಿರುವುದು ಇನ್ನೊಂದು ಬಗೆಯ ಆದ್ಯತೆಯ ವಿಷಯ. ಗಣಕಯಂತ್ರದ ಒಳಗೆ, ಸೆಕೆಂಡಿನ ಸಾವಿರದ ಒಂದು ಪಾಲಿಗೂ ಕಡಿಮೆ ಹೊತ್ತಿನಲ್ಲಿ ತೀರ್ಮಾನವಾಗಿಬಿಡುವ ಸರದಿ ಅದು. ಅಲ್ಲಿಯ ನ್ಯಾಯ ಬೇರೆ. ಕಾಯಲಾರದ ಕೆಲಸಕ್ಕೆ ಅಲ್ಲಿ ಮೊದಲ ಸ್ಥಾನ, ಅದು ಎಷ್ಟೇ ಚಿಕ್ಕದಾಗಿರಲಿ.

ಕಾಯಲಾರದ ಕೆಲಸ ಎಂದರೇನೆಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಹೆದ್ದಾರಿಯಲ್ಲಿ ಮಾಚೇನಹಳ್ಳಿ ಸಿಕ್ಕುತ್ತದೆ. ಹೆಸರು ಹಳ್ಳಿಯದಾದರೂ ಈಗ ಅದು ಕೈಗಾರಿಕೆಗಳ ನೆಲೆ. ಎರಕದ ಕಾರ್ಖಾನೆಗಳು ಅಲ್ಲಿವೆ. ಜಿಲ್ಲೆಯ ಹಾಲು ಒಕ್ಕೂಟದ ಡೇರಿಯೂ ಅಲ್ಲಿಯೇ ಇದೆ. ಎರಕದ ಕೆಲಸವನ್ನು ಮೊದಲು ನೋಡೋಣ. ಸಾಮಾನ್ಯವಾದ ಬೀಡು ಕಬ್ಬಿಣ ಪೆಟ್ಟು ಬಿದ್ದರೆ ಒಡೆಯುವಂಥದು. ಕರಗಿದ ಕಬ್ಬಿಣಕ್ಕೆ ಸ್ವಲ್ಪ ಮೆಗ್ನೀಷಿಯಂ ಬೆರೆಸಿದರೆ ಅದರೊಳಗಿನ ಗ್ರಾಫೈಟು ಎಸಳೆಸಳಾಗಿ ಹರಡದೆ ಗುಂಡುಗುಂಡಾಗಿ ನಿಂತು, ಲೋಹ ಬಾಗಿದರೂ ಮುರಿಯದಷ್ಟು ಗಟ್ಟಿಯಾಗುತ್ತದೆ. ಆದರೆ ಈ ಗುಣ ಬಹಳ ಹೊತ್ತು ನಿಲ್ಲುವುದಿಲ್ಲ. ಬೆರೆಸಿದ ಕೆಲವೇ ನಿಮಿಷಗಳಲ್ಲಿ ಕಬ್ಬಿಣವನ್ನು ಅಚ್ಚಿಗೆ ಹೊಯ್ಯಬೇಕು. ತಡವಾದರೆ ಮೆಗ್ನೀಷಿಯಂ ಕರಗಿಹೋಗುತ್ತ ಗುಣ ಕುಂದುತ್ತದೆ. ತಡವಾಗಿ ಹೊಯ್ದ ಎರಕ ಹೊರನೋಟಕ್ಕೆ ಚೆನ್ನಾಗಿಯೇ ಕಾಣಬಹುದು, ಆದರೆ ಅದು ಕೆಟ್ಟ ಎರಕ.

ಹಾಲಿನ ಮಾತೂ ಹಾಗೆಯೇ. ಪಾಶ್ಚರೀಕರಣದ ಒಂದು ಪ್ರಸಿದ್ಧ ಕ್ರಮದಲ್ಲಿ, ಹರಿಯುತ್ತಿರುವ ಹಾಲನ್ನು ೭೨ ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಏರಿಸಿ ೧೫ ಸೆಕೆಂಡುಗಳ ಕಾಲ ಆ ಶಾಖದಲ್ಲಿಯೇ ಇರಿಸುತ್ತಾರೆ. ಶಾಖ ಒಂದಿಷ್ಟು ಇಳಿದರೂ ಒಂದು ಕವಾಟ ಹೊರಳಿಕೊಂಡು, ಆ ಹಾಲು ಮುಂದಕ್ಕೆ ಹೋಗದಂತೆ ಮತ್ತೆ ಕಾಯಿಸುವ ಕಡೆಗೆ ತಿರುಗಿಸಬೇಕು. ಕವಾಟ ಹೊರಳಿದ್ದು ಸರಿ, ಆದರೆ ತಡವಾಗಿ ಹೊರಳಿತು ಎಂದರೆ, ಅಷ್ಟರಲ್ಲಿ ಸರಿಯಾಗಿ ಕಾಯದ ಹಾಲು ಒಳ್ಳೆಯ ಹಾಲಿನೊಡನೆ ಬೆರೆತುಹೋಗಿರುತ್ತದೆ. ಆಮೇಲೆ ಯಾವ ಚುರುಕೂ ಅದನ್ನು ಬೇರ್ಪಡಿಸಲಾರದು.

ಇಂಥ ಕೆಲಸಗಳನ್ನು ಗಣಕಗಳಿಗೆ ವಹಿಸಿದಾಗ ಅವನ್ನು ‘ರಿಯಲ್ ಟೈಮ್’ ಕೆಲಸಗಳೆನ್ನುತ್ತಾರೆ. ನೈಜಕಾಲದ ಕೆಲಸ ಎಂದು ನಾವು ಕರೆಯಬಹುದು. ಬಹುಮಂದಿ ಇದನ್ನು ವೇಗ ಎಂದು ಅರ್ಥಮಾಡಿಕೊಳ್ಳುತ್ತಾರೆ. ವೇಗ ಬೇರೆ, ವೇಳೆಗೆ ಸರಿಯಾಗಿರುವುದು ಬೇರೆ. ನೂರು ಸಲ ಕಣ್ಣೆವೆ ಇಕ್ಕುವುದರೊಳಗೆ ಉತ್ತರ ಕೊಟ್ಟು, ನೂರಒಂದನೆಯ ಸಲ ಅರೆಗಳಿಗೆ ಮೈಮರೆಯುವ ಯಂತ್ರ ಬಹಳ ವೇಗದ್ದೆನಿಸಬಹುದು, ನೈಜಕಾಲದ್ದೆನಿಸಲಾರದು. ಪ್ರತಿಸಲವೂ ಗೊತ್ತಾದ ಗಡುವಿನೊಳಗೆ, ಅದು ಮಂದಗತಿಯದಾದರೂ ಚಿಂತೆಯಿಲ್ಲ, ಉತ್ತರ ಕೊಡುವುದೇ ಇಲ್ಲಿ ಬೇಕಾದ ಗುಣ. ಸರಿಯಾದ ಉತ್ತರವೂ ಗಡುವು ಮೀರಿ ಬಂದರೆ ತಪ್ಪು ಉತ್ತರವೇ ಎಂಬುದು ಈ ಶಾಸ್ತ್ರದ ಮೊದಲ ಸೂತ್ರ.

ಇನ್ನು ಗಣಕದ ಒಳಕ್ಕೆ ಬರೋಣ. ಗಣಕದಲ್ಲಿ ಲೆಕ್ಕ ಮಾಡುವ ಅಂಗಕ್ಕೆ ಪ್ರೊಸೆಸರ್ ಎಂದು ಹೆಸರು. ಈಗಿನ ಯಂತ್ರಗಳಲ್ಲಿ ಅಂಥವು ನಾಲ್ಕೋ ಎಂಟೋ ಇರುವುದುಂಟು. ತಿಳಿವಿಗಾಗಿ ಒಂದೇ ಇದೆಯೆಂದು ಇಟ್ಟುಕೊಳ್ಳೋಣ. ಅದು ಒಂದು ಗಳಿಗೆಯಲ್ಲಿ ಒಂದೇ ಕೆಲಸ ಮಾಡಬಲ್ಲುದು. ಮಾಡಿಸಿಕೊಳ್ಳಬೇಕಾದ ಕೆಲಸಗಳೋ ನೂರಾರು. ಒಂದೊಂದು ಕೆಲಸದ ಹರಿವನ್ನೂ ‘ಥ್ರೆಡ್’ ಎನ್ನುತ್ತಾರೆ. ಕನ್ನಡದಲ್ಲಿ ಎಳೆ ಎಂದರೆ ಸರಿಹೋಗುತ್ತದೆ. ಶಾಖವನ್ನು ನೋಡುವುದು ಒಂದು ಎಳೆ, ಅದನ್ನು ದಾಖಲು ಮಾಡುವುದು ಇನ್ನೊಂದು, ಪರದೆಯ ಮೇಲೆ ಅಂಕಿಗಳನ್ನು ತೋರಿಸುವುದು ಮತ್ತೊಂದು. ಈ ಎಳೆಗಳನ್ನೆಲ್ಲ ಒಂದರ ಮುಂದೊಂದು ಪ್ರೊಸೆಸರಿನ ಮುಂದೆ ತಂದು ನಿಲ್ಲಿಸಿ, ಈಗ ನೀನು, ಇನ್ನು ನೀನು ಎಂದು ಸರದಿ ಹಂಚುವ ಯಜಮಾನನೊಬ್ಬ ಬೇಕಷ್ಟೆ. ಆ ಯಜಮಾನಿಕೆ ಕಾರ್ಯಾಚರಣ ವ್ಯವಸ್ಥೆಯ ನಡುವೆ ಇರುವ ‘ಕರ್ನೆಲ್’ನದು. ಕರ್ನೆಲ್ ಎಂದರೆ ಕಾಯಿಯೊಳಗಿನ ತಿರುಳು. ಹೆಸರು ಚೆನ್ನಾಗಿಯೇ ಇದೆ.

ಈ ತಿರುಳು ಸರದಿಯನ್ನು ಹೇಗೆ ಹಂಚುತ್ತದೆ? ಫಿನ್ಲೆಂಡಿನ ವಿದ್ಯಾರ್ಥಿಯಾಗಿದ್ದ ಲೈನಸ್ ಟೋರ್ವಾಲ್ಡ್ಸ್ ೧೯೯೧ರಲ್ಲಿ ಆರಂಭಿಸಿದ, ಈಗ ಲೋಕವ್ಯಾಪಿಯಾಗಿರುವ ಲಿನಕ್ಸ್ ಎಂಬ ವ್ಯವಸ್ಥೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಅದರಲ್ಲಿ ಸಾಮಾನ್ಯ ಎಳೆಗಳದು ಒಂದು ಪಂಗಡ. ಅವುಗಳಲ್ಲಿ ಒಂದೊಂದಕ್ಕೂ ‘ನೈಸ್’ ಎಂಬ ಅಂಕವಿರುತ್ತದೆ. ಸೌಜನ್ಯದ ಅಂಕವೆಂದೇ ಅದನ್ನು ಕನ್ನಡಿಸಬಹುದು. ಅದು ಋಣ ೨೦ರಿಂದ ಧನ ೧೯ರವರೆಗೆ, ಒಟ್ಟು ೪೦ ಮೆಟ್ಟಿಲುಗಳು. ಸೌಜನ್ಯ ಹೆಚ್ಚಿದಷ್ಟೂ ಆ ಎಳೆ ಇತರರಿಗೆ ದಾರಿ ಬಿಡುತ್ತದೆ. ಇಲ್ಲಿ ಯಾರಿಗೂ ಪೂರ್ತಿ ಉಪವಾಸವಿಲ್ಲ. ಒಬ್ಬರಿಗೆ ಹೆಚ್ಚು ಪಾಲು, ಒಬ್ಬರಿಗೆ ಕಡಿಮೆ ಪಾಲು, ಅಷ್ಟೆ. ಪತ್ರ ಬರೆಯುವವರಿಗೂ ಲೆಕ್ಕ ಮಾಡುವವರಿಗೂ ಈ ಏರ್ಪಾಡು ಸಾಕು.

ಇವರೆಲ್ಲರ ಮೇಲುಗಡೆ ನೈಜಕಾಲದ ಎಳೆಗಳ ಪಂಗಡವಿದೆ. ಅವುಗಳಿಗೆ ೧ರಿಂದ ೯೯ರವರೆಗೆ ಅಂಕಗಳು. ಅಂಕ ದೊಡ್ಡದಾದಷ್ಟೂ ಸ್ಥಾನ ಮೇಲಿನದು. ೧ರ ಅಂಕದ ನೈಜಕಾಲದ ಎಳೆ ಕೂಡ ಸಾಮಾನ್ಯ ಎಳೆಗಳೆಲ್ಲವನ್ನೂ ಹಿಂದಿಕ್ಕಿ ನಿಲ್ಲುತ್ತದೆ. ಇಲ್ಲಿ ಪಾಲು ಹಂಚುವ ಮಾತಿಲ್ಲ. ಮೇಲಿನ ಅಂಕದವನು ಎದ್ದೊಡನೆ ಕೆಳಗಿನವನು ಕೈಯಲ್ಲಿದ್ದುದನ್ನು ಇದ್ದಲ್ಲಿಯೇ ಬಿಟ್ಟು ಪಕ್ಕಕ್ಕೆ ಸರಿಯಬೇಕು. ಒಂದೇ ಅಂಕದವರು ಇಬ್ಬರಿದ್ದರೆ ಎರಡು ಕ್ರಮಗಳುಂಟು. ‘ಫಿಫೋ’ ಎಂಬ ಕ್ರಮದಲ್ಲಿ ಮೊದಲು ಬಂದವನದೇ ಮೊದಲ ಸರದಿ. ಅವನು ತಾನಾಗಿ ಬಿಟ್ಟುಕೊಡುವವರೆಗೆ, ಇಲ್ಲವೇ ಯಾವುದಕ್ಕಾದರೂ ಕಾಯುತ್ತ ನಿಲ್ಲುವವರೆಗೆ, ಸಮಾನನಾದ ಎರಡನೆಯವನಿಗೆ ಅವಕಾಶವಿಲ್ಲ. ‘ರೌಂಡ್ ರಾಬಿನ್’ ಎಂಬ ಕ್ರಮದಲ್ಲಿ ಸಮಾನರು ಒಬ್ಬರಾದ ಮೇಲೊಬ್ಬರು ಸ್ವಲ್ಪಸ್ವಲ್ಪ ಹೊತ್ತು, ರೂಢಿಯಲ್ಲಿ ೧೦೦ ಮಿಲಿಸೆಕೆಂಡು, ಕೆಲಸ ಮಾಡಿಕೊಳ್ಳುತ್ತಾರೆ. ಒಂದು ಮಿಲಿಸೆಕೆಂಡೆಂದರೆ ಸೆಕೆಂಡಿನ ಸಾವಿರದ ಒಂದು ಪಾಲು.

ಹಾಗಾದರೆ ಯಾವ ಎಳೆಗೆ ಯಾವ ಅಂಕ? ಇದೇ ಕಠಿನವಾದ ಪ್ರಶ್ನೆ. ಮರ್ಯಾದೆಯ ನ್ಯಾಯ ನಮ್ಮನ್ನು ದಾರಿ ತಪ್ಪಿಸುವುದೂ ಇಲ್ಲಿಯೇ. ೧೯೭೩ರಲ್ಲಿ ಲಿಯು ಮತ್ತು ಲೇಲ್ಯಾಂಡ್ ಎಂಬ ಇಬ್ಬರು ವಿದ್ವಾಂಸರು ಪ್ರಕಟಿಸಿದ ಪ್ರಬಂಧವೊಂದು ಇದಕ್ಕೆ ಗಣಿತದ ಉತ್ತರ ಕೊಟ್ಟಿತು. ನಿಯತವಾಗಿ ಮರಳಿ ಮರಳಿ ಬರುವ ಕೆಲಸಗಳಲ್ಲಿ, ಯಾವುದು ಹೆಚ್ಚು ಬೇಗ ಮರಳಿ ಬರುತ್ತದೆಯೋ ಅದಕ್ಕೆ ಮೇಲಿನ ಅಂಕ ಕೊಡಿರಿ ಎಂಬುದು ಅವರ ಸೂತ್ರ. ಯಾವ ಕೆಲಸ ದೊಡ್ಡದು, ಯಾವುದರ ಬೆಲೆ ಹೆಚ್ಚು ಎಂದು ಸೂತ್ರ ಕೇಳುವುದೇ ಇಲ್ಲ.

ಒಂದು ಲೆಕ್ಕ ಹಾಕೋಣ. ಅಂಕಿಗಳು ನಾನು ಕಲ್ಪಿಸಿಕೊಂಡವು, ಯಾವ ಡೇರಿಯವೂ ಅಲ್ಲ. ಶಾಖ ನೋಡಿ ಕವಾಟಕ್ಕೆ ಅಪ್ಪಣೆ ಕೊಡುವ ಎಳೆ ೧೦ ಮಿಲಿಸೆಕೆಂಡಿಗೊಮ್ಮೆ ಏಳುತ್ತದೆ. ಅದರ ಕೆಲಸ ೨ ಮಿಲಿಸೆಕೆಂಡಿನದು. ದಾಖಲೆ ಬರೆಯುವ ಎಳೆ ೧೦೦ ಮಿಲಿಸೆಕೆಂಡಿಗೊಮ್ಮೆ ಏಳುತ್ತದೆ. ಅದರ ಕೆಲಸ ೩೦ ಮಿಲಿಸೆಕೆಂಡಿನದು. ದಾಖಲೆಯೇ ಮುಖ್ಯ, ತನಿಖೆಯವರು ಕೇಳುವುದು ಅದನ್ನೇ, ಎಂದು ಅದಕ್ಕೆ ಮೇಲಿನ ಅಂಕ ಕೊಟ್ಟೆವೆನ್ನಿ. ಎರಡೂ ಒಟ್ಟಿಗೆ ಎದ್ದಾಗ ದಾಖಲೆ ೩೦ ಮಿಲಿಸೆಕೆಂಡು ಆಕ್ರಮಿಸಿಕೊಂಡು ಕೂರುತ್ತದೆ. ಅಷ್ಟರಲ್ಲಿ ಕವಾಟದ ಎಳೆಗೆ ಮೂರು ಗಡುವುಗಳು ತಪ್ಪಿಹೋಗುತ್ತವೆ. ಈಗ ಅಂಕಗಳನ್ನು ಅದಲುಬದಲು ಮಾಡಿರಿ. ಕವಾಟದ ಎಳೆ ಪ್ರತಿ ೧೦ರಲ್ಲಿ ೨ನ್ನು ತೆಗೆದುಕೊಳ್ಳುತ್ತದೆ, ಉಳಿದ ೮ರಲ್ಲಿ ದಾಖಲೆ ಸಾಗುತ್ತದೆ. ಲೆಕ್ಕ ಮಾಡಿದರೆ ದಾಖಲೆ ಮುಗಿಯುವುದು ೩೮ನೆಯ ಮಿಲಿಸೆಕೆಂಡಿಗೆ. ಅದಕ್ಕಿದ್ದ ಗಡುವು ೧೦೦. ಯಾರಿಗೂ ನಷ್ಟವಾಗಲಿಲ್ಲ, ಪ್ರೊಸೆಸರಿನ ಅರ್ಧ ಕಾಲ ಇತರರಿಗೆ ಮಿಕ್ಕಿತು ಕೂಡ. ಯಂತ್ರ ಅದೇ, ಕೆಲಸಗಳು ಅವೇ, ವೇಗವೂ ಅದೇ. ಬದಲಾದದ್ದು ಸರದಿಯೊಂದೇ.

ಈ ಸೂತ್ರಕ್ಕೆ ಒಂದು ಮಿತಿಯನ್ನೂ ಆ ವಿದ್ವಾಂಸರು ಕಂಡುಹಿಡಿದರು. ಕೆಲಸಗಳು ಎರಡಿದ್ದಾಗ ಪ್ರೊಸೆಸರಿನ ಕಾಲದಲ್ಲಿ ನೂರಕ್ಕೆ ಸುಮಾರು ೮೨ರಷ್ಟನ್ನು ಬಳಸುವವರೆಗೆ, ಕೆಲಸಗಳು ಎಷ್ಟೇ ಇದ್ದರೂ ನೂರಕ್ಕೆ ಸುಮಾರು ೬೯ರಷ್ಟನ್ನು ಬಳಸುವವರೆಗೆ, ಯಾವ ಗಡುವೂ ತಪ್ಪುವುದಿಲ್ಲವೆಂದು ಭರವಸೆ ಕೊಡಬಹುದು. ಅದರಾಚೆಗೆ ತಪ್ಪಿಯೇ ತಪ್ಪುತ್ತದೆಂದಲ್ಲ. ಆದರೆ ಒಂದೊಂದನ್ನೂ ಬಿಡಿಯಾಗಿ ಲೆಕ್ಕ ಹಾಕಿ ನೋಡದೆ ಮಾತು ಕೊಡಲಾಗದು. ಕೈಯಲ್ಲಿ ಸ್ವಲ್ಪ ಬಿಡುವು ಇಟ್ಟುಕೊಂಡವನೇ ವೇಳೆಗೆ ಸರಿಯಾಗಿ ಬರುವ ಮಾತು ಕೊಡಬಲ್ಲನೆಂಬುದು ಸಂಸಾರಸ್ಥರಿಗೆ ಹೊಸದಾಗಿ ಹೇಳಬೇಕಾದ ವಿಷಯವಲ್ಲ.

ಆದರೆ ಬಲ ಇದ್ದಲ್ಲಿ ಅದರ ದುರುಪಯೋಗವೂ ಇರುತ್ತದೆ. ಕೆಲಸ ನಿಧಾನವಾಯಿತೆಂದು ತಮ್ಮ ಎಳೆಗೆ ೯೯ರ ಅಂಕವನ್ನೇ ಕೊಟ್ಟುಬಿಡುವ ಆತುರಗಾರರು ಉಂಟು. ಎಲ್ಲರಿಗೂ ೯೯ ಕೊಟ್ಟ ಮೇಲೆ ಯಾರಿಗೂ ಕೊಡದಂತೆಯೇ ಆಯಿತು. ಅದಕ್ಕಿಂತಲೂ ಕೆಟ್ಟದ್ದೆಂದರೆ, ಮೇಲಿನ ಅಂಕದ ಎಳೆಯೊಂದು ಯಾವುದೋ ತಪ್ಪಿನಿಂದ ಗಾಣದ ಎತ್ತಿನಂತೆ ಸುತ್ತುತ್ತಲೇ ನಿಂತರೆ, ಅದನ್ನು ನಿಲ್ಲಿಸೆಂದು ಅಪ್ಪಣೆ ಮಾಡಬೇಕಾದ ಎಳೆಗೂ ಸರದಿ ಸಿಕ್ಕದೆ ಯಂತ್ರವೇ ಸ್ತಬ್ಧವಾಗಿಬಿಡುತ್ತದೆ. ಆದುದರಿಂದ ನೈಜಕಾಲದ ಅಂಕವನ್ನು ಯಾರೆಂದರವರು ಕೇಳಿ ಪಡೆಯುವಂತಿಲ್ಲ. ಅದಕ್ಕೆ ವಿಶೇಷ ಅನುಮತಿ ಬೇಕು. ಜತೆಗೆ ಲಿನಕ್ಸಿನಲ್ಲಿ ಒಂದು ಕಾಪು ಇದೆ. ಒಂದು ಸೆಕೆಂಡಿನಲ್ಲಿ ೯೫೦ ಮಿಲಿಸೆಕೆಂಡುಗಳನ್ನು ಮಾತ್ರ ನೈಜಕಾಲದ ಎಳೆಗಳು ಬಳಸಬಹುದು. ೫೦ ಮಿಲಿಸೆಕೆಂಡು ಸಾಮಾನ್ಯರಿಗೆ ಮೀಸಲು ಎಂಬುದು ಬಹುಕಾಲದ ರೂಢಿ. ಇತ್ತೀಚಿನ ಆವೃತ್ತಿಗಳಲ್ಲಿ ಇದನ್ನು ನಡೆಸುವ ವಿಧಾನ ಬದಲಾದರೂ ಮೀಸಲಿನ ಪ್ರಮಾಣ ಅಷ್ಟೇ ಉಳಿದಿದೆ.

ಇಷ್ಟೆಲ್ಲ ಎಚ್ಚರ ವಹಿಸಿದ ಮೇಲೂ ಒಂದು ವಿಚಿತ್ರವಾದ ಸಂಕಟ ಉಳಿಯುತ್ತದೆ. ಅದನ್ನು ವಿವರಿಸಲು ನಮ್ಮ ರೈಲುಹಾದಿಗೆ ಹೋಗೋಣ. ಬೀರೂರಿನಿಂದ ಶಿವಮೊಗ್ಗಕ್ಕೆ ಬರುವ ರೈಲುಮಾರ್ಗ ೧೮೯೯ರಲ್ಲಿ ತೆರೆದದ್ದು. ಒಂಟಿ ಹಳಿಯ ಮಾರ್ಗವಾಗಿಯೇ ಬೆಳೆದದ್ದು. ಒಂಟಿ ಹಳಿಯ ಮಾರ್ಗಗಳಲ್ಲಿ ಎರಡು ನಿಲ್ದಾಣಗಳ ನಡುವೆ ಒಂದು ಗಳಿಗೆಯಲ್ಲಿ ಒಂದೇ ಗಾಡಿ ಇರತಕ್ಕದ್ದು. ಅದಕ್ಕಾಗಿ ಟೋಕನ್ ಎಂಬ ಲೋಹದ ಗುಂಡನ್ನು ಚಾಲಕನ ಕೈಗೆ ಕೊಡುವ ಪದ್ಧತಿ ನಮ್ಮ ದೇಶದಲ್ಲಿ ಬಹುಕಾಲ ನಡೆಯಿತು. ಗುಂಡು ಕೈಯಲ್ಲಿಲ್ಲದ ಚಾಲಕ, ಅವನದು ಎಷ್ಟೇ ದೊಡ್ಡ ಎಕ್ಸ್‌ಪ್ರೆಸ್ ಆಗಿರಲಿ, ಹಳಿಯ ಮೇಲೆ ಮುಂದುವರಿಯುವಂತಿಲ್ಲ. ಗಣಕದಲ್ಲಿಯೂ ಎರಡು ಎಳೆಗಳು ಒಂದೇ ವಸ್ತುವನ್ನು ಒಟ್ಟಿಗೆ ಮುಟ್ಟಿ ಕೆಡಿಸದಂತೆ ಇಂಥದೇ ಒಂದು ಗುಂಡು, ಒಂದು ಬೀಗದ ಕೈ, ಇರುತ್ತದೆ. ಹಾಲೆಂಡಿನ ಡೈಕ್‌ಸ್ಟ್ರಾ ೧೯೬೦ರ ದಶಕದಲ್ಲಿ ಈ ಉಪಾಯವನ್ನು ರೂಪಿಸಿ ಅದಕ್ಕೆ ರೈಲ್ವೆಯ ಕೈಕಂಬದ ಹೆಸರನ್ನೇ, ಸೆಮಫೋರ್ ಎಂದು, ಇಟ್ಟರು.

ಈಗ ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಿರಿ. ಶಿವಮೊಗ್ಗದಿಂದ ಭದ್ರಾವತಿಯ ಕಡೆಗೆ ಒಂದು ಗೂಡ್ಸ್ ಗಾಡಿ ಗುಂಡನ್ನು ಪಡೆದು ಹೊರಟಿದೆ. ಅದರ ಹಿಂದೆ ಶಿವಮೊಗ್ಗದ ನಿಲ್ದಾಣದಲ್ಲಿ ಎಕ್ಸ್‌ಪ್ರೆಸ್ ಬಂದು ನಿಂತಿದೆ. ಗುಂಡು ಬರುವವರೆಗೆ ಅದು ಕಾಯಲೇಬೇಕು, ಅದರಲ್ಲಿ ಅನ್ಯಾಯವಿಲ್ಲ. ಆದರೆ ಗೂಡ್ಸು ಭದ್ರಾವತಿಯ ಹೊರಗೆ ಕೈಕಂಬದ ಬಳಿ ನಿಂತುಬಿಟ್ಟಿದೆ. ಏಕೆಂದರೆ ತರೀಕೆರೆಯ ಕಡೆಯಿಂದ ಬಂದು ಭದ್ರಾವತಿಯಿಂದಲೇ ಹಿಂದಿರುಗುವ ಪ್ಯಾಸೆಂಜರುಗಳು ಒಂದಾದ ಮೇಲೊಂದು ನಿಲ್ದಾಣಕ್ಕೆ ಬರುತ್ತಿವೆ. ಗೂಡ್ಸಿಗಿಂತ ಪ್ಯಾಸೆಂಜರು ಮೇಲು, ಅದಕ್ಕೆ ಮೊದಲು ದಾರಿ ಎಂದು ಸ್ಟೇಷನ್ ಮಾಸ್ತರರು ನಿಯಮದಂತೆಯೇ ನಡೆಯುತ್ತಿದ್ದಾರೆ. ಯಾರೂ ತಪ್ಪು ಮಾಡಿಲ್ಲ. ಆದರೂ ಎಲ್ಲರಿಗಿಂತ ಮೇಲಾದ ಎಕ್ಸ್‌ಪ್ರೆಸ್, ತನಗೂ ಆ ಪ್ಯಾಸೆಂಜರುಗಳಿಗೂ ಯಾವ ಸಂಬಂಧವೂ ಇಲ್ಲದೆ ಇದ್ದರೂ, ಅವು ಮುಗಿಯುವವರೆಗೆ ನಿಂತೇ ಇದೆ. ಮಧ್ಯಮನು ಉತ್ತಮನನ್ನು ತಡೆದ, ಅದೂ ಅಧಮನ ಮೂಲಕ. ಗಣಕಶಾಸ್ತ್ರದಲ್ಲಿ ಇದಕ್ಕೆ ಆದ್ಯತೆಯ ತಲೆಕೆಳಗು ಎಂದು ಅರ್ಥ ಬರುವ ಹೆಸರಿದೆ.

ಇದು ಪುಸ್ತಕದೊಳಗಿನ ಸಮಸ್ಯೆಯಲ್ಲವೆಂಬುದು ೧೯೯೭ರಲ್ಲಿ ಲೋಕಕ್ಕೆ ತಿಳಿಯಿತು. ಆ ವರ್ಷದ ಜುಲೈ ೪ರಂದು ಅಮೆರಿಕದ ಪಾತ್‌ಫೈಂಡರ್ ನೌಕೆ ಮಂಗಳಗ್ರಹದ ಮೇಲೆ ಇಳಿಯಿತು. ಚಿತ್ರಗಳು ಬರತೊಡಗಿದವು, ಆದರೆ ನೌಕೆಯ ಗಣಕ ಆಗಾಗ ತನ್ನನ್ನು ತಾನೇ ಮೊದಲಿನಿಂದ ಆರಂಭಿಸಿಕೊಳ್ಳತೊಡಗಿತು. ಆ ದಿನದ ಉಳಿದ ಕೆಲಸ ಹಾಗೆಯೇ ನಿಂತುಹೋಗುತ್ತಿತ್ತು. ಭೂಮಿಯ ಮೇಲೆ ಇದ್ದ ಅದರ ಪಡಿಯಚ್ಚಿನಲ್ಲಿ ಪರೀಕ್ಷೆ ಮಾಡಿ ನೋಡಿದಾಗ ಕಾರಣ ಹೊರಬಿತ್ತು. ಹವಾಮಾನದ ವಿವರ ಸಂಗ್ರಹಿಸುವ, ಕೆಳಗಿನ ಅಂಕದ ಎಳೆಯೊಂದು ಮಾಹಿತಿಯ ಹಾದಿಯ ಬೀಗದ ಕೈಯನ್ನು ಹಿಡಿದಿತ್ತು. ಆ ಹಾದಿಯನ್ನು ನೋಡಿಕೊಳ್ಳುವ ಮೇಲಿನ ಅಂಕದ ಎಳೆ ಅದಕ್ಕಾಗಿ ಕಾಯುತ್ತಿತ್ತು. ನಡುವಿನ ಅಂಕದ ಬೇರೆ ಎಳೆಗಳು ಎದ್ದು ಹವಾಮಾನದ ಎಳೆಯನ್ನು ಪಕ್ಕಕ್ಕೆ ತಳ್ಳಿದವು. ಗಡುವು ತಪ್ಪಿದುದನ್ನು ಕಂಡ ವ್ಯವಸ್ಥೆ, ಏನೋ ಕೆಟ್ಟಿದೆಯೆಂದು ಬಗೆದು, ಎಲ್ಲವನ್ನೂ ಮೊದಲಿನಿಂದ ಮತ್ತೆ ಆರಂಭಿಸುತ್ತಿತ್ತು. ನಮ್ಮ ಗೂಡ್ಸು, ಪ್ಯಾಸೆಂಜರು, ಎಕ್ಸ್‌ಪ್ರೆಸ್ಸುಗಳೇ ಮಂಗಳನ ಅಂಗಳದಲ್ಲಿ ನಿಂತಿದ್ದವು ಎನ್ನಬಹುದು.

ಪರಿಹಾರವೂ ರೈಲುಹಾದಿಯಲ್ಲಿಯೇ ಸುಲಭವಾಗಿ ಹೊಳೆಯುತ್ತದೆ. ಗುಂಡು ಗೂಡ್ಸಿನವನ ಕೈಯಲ್ಲಿರುವಷ್ಟು ಹೊತ್ತು, ಅವನ ಹಿಂದೆ ಎಕ್ಸ್‌ಪ್ರೆಸ್ ಕಾಯುತ್ತಿರುವುದರಿಂದ, ಆ ಗೂಡ್ಸನ್ನೇ ಎಕ್ಸ್‌ಪ್ರೆಸ್ ಎಂದು ಎಣಿಸಿ ಮೊದಲು ಒಳಕ್ಕೆ ಕರೆದುಕೊಳ್ಳಬೇಕು. ಗುಂಡು ಬಿಟ್ಟುಕೊಟ್ಟ ಮರುಗಳಿಗೆಯೇ ಅದು ಮತ್ತೆ ಗೂಡ್ಸು. ಈ ಉಪಾಯಕ್ಕೆ ಆದ್ಯತೆಯ ವಾರಸುದಾರಿಕೆ ಎಂಬ ಅರ್ಥದ ಹೆಸರಿದೆ. ಷಾ, ರಾಜಕುಮಾರ್, ಲೆಹೋಟ್ಸ್ಕಿ ಎಂಬ ಮೂವರು ವಿದ್ವಾಂಸರು ೧೯೯೦ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನು ಶಾಸ್ತ್ರೀಯವಾಗಿ ವಿವರಿಸಿದ್ದರು. ಪಾತ್‌ಫೈಂಡರಿನ ಕಾರ್ಯಾಚರಣ ವ್ಯವಸ್ಥೆಯಲ್ಲಿಯೂ ಈ ಏರ್ಪಾಡು ಇತ್ತು. ಆ ಬೀಗಕ್ಕೆ ಮಾತ್ರ ಅದನ್ನು ಹೂಡಿರಲಿಲ್ಲ. ಎಂಜಿನಿಯರುಗಳು ಭೂಮಿಯಿಂದಲೇ ಸಂದೇಶ ಕಳಿಸಿ ಅದನ್ನು ಹೂಡಿದರು. ತೊಂದರೆ ನಿಂತಿತು.

ಇನ್ನೊಂದು ಮಾತು ಉಳಿಯಿತು. ಸರದಿ ಹಂಚುವ ಯಜಮಾನನೇ ತನ್ನ ಕೆಲಸದಲ್ಲಿ ಮುಳುಗಿ ಬಾಗಿಲು ಹಾಕಿಕೊಂಡರೆ ಗತಿಯೇನು? ಕರ್ನೆಲ್ ತನ್ನ ಒಳಗಿನ ಕೆಲವು ಕೆಲಸಗಳನ್ನು ನಡೆಸುವಾಗ ಯಾರೂ ಅಡ್ಡಬರಕೂಡದೆಂಬ ನಿಯಮ ಲಿನಕ್ಸಿನಲ್ಲಿ ಬಹುಕಾಲ ಇತ್ತು. ಆ ಹೊತ್ತಿನಲ್ಲಿ ೯೯ರ ಅಂಕದ ಎಳೆಯೂ ಬಾಗಿಲ ಹೊರಗೇ ನಿಲ್ಲಬೇಕು. ಇದನ್ನು ತಿದ್ದಲು ಸುಮಾರು ಇಪ್ಪತ್ತು ವರ್ಷಗಳ ಕಾಲ ಎಂಜಿನಿಯರುಗಳು ದುಡಿದರು. ಯಜಮಾನನ ಬಹುಪಾಲು ಬೀಗಗಳಿಗೂ ವಾರಸುದಾರಿಕೆಯ ನಿಯಮವನ್ನು ಹೂಡಿದರು. ಹೊರಗಿನ ಯಂತ್ರಗಳು ಬಾಗಿಲು ತಟ್ಟಿದಾಗ ಓಡಿಹೋಗಿ ವಿಚಾರಿಸುತ್ತಿದ್ದ ಒಳಗಿನ ಕೆಲಸಗಳನ್ನೂ ಎಳೆಗಳನ್ನಾಗಿ ಮಾಡಿ, ರೂಢಿಯಲ್ಲಿ ೫೦ರ ಅಂಕ ಕೊಟ್ಟು, ಎಲ್ಲರ ಸಾಲಿನಲ್ಲಿಯೇ ನಿಲ್ಲಿಸಿದರು. ಬೇರೆಯಾಗಿಯೇ ಬೆಳೆದುಬಂದ ಈ ಮಾರ್ಪಾಡು ೨೦೨೪ರಲ್ಲಿ ಲಿನಕ್ಸಿನ ಮುಖ್ಯ ಪಾಠಕ್ಕೆ ಸೇರಿತು. ಯಜಮಾನನ ಒಟ್ಟು ಕೆಲಸ ಇದರಿಂದ ಸ್ವಲ್ಪ ನಿಧಾನವಾಗುವುದುಂಟು. ಮಾತಿಗೆ ತಪ್ಪದವನಾಗಲು ತೆರಬೇಕಾದ ಬೆಲೆ ಅದು.

ಕೇಳುಗರಲ್ಲಿ ಕೆಲವರಿಗೆ ಇದೆಲ್ಲ ಯಂತ್ರದವರ ಚಿಂತೆ, ನಮಗೇಕೆ ಎನ್ನಿಸಬಹುದು. ಗಣಕದ ಮೂಲಕ ಹಾದು ತಮ್ಮ ಕಿವಿಗೆ ಬರುವ ದನಿಯನ್ನೇ ನೋಡಿರಿ. ಸೆಕೆಂಡಿಗೆ ೪೮,೦೦೦ ತುಣುಕುಗಳಾಗಿ ಒಡೆದು, ೪೮೦ ತುಣುಕುಗಳ ಕಟ್ಟುಗಳಾಗಿ ಅದನ್ನು ಸಾಗಿಸುವುದಾದರೆ, ೧೦ ಮಿಲಿಸೆಕೆಂಡಿಗೊಂದು ಕಟ್ಟು ತಪ್ಪದೆ ಬರಬೇಕು. ಒಂದು ಕಟ್ಟು ತಡವಾದರೂ ಮಾತಿನ ನಡುವೆ ಟಕ್ಕೆಂದು ಬಿರುಕು ಬೀಳುತ್ತದೆ. ದನಿಯಲ್ಲಿ ಬಿದ್ದ ಬಿರುಕು ಕಿವಿಗೆ ತಿಳಿಯುತ್ತದೆ. ಹಾಲಿನ ಕೊಳವೆಯಲ್ಲಿಯೂ ಆಸ್ಪತ್ರೆಯ ಉಸಿರಾಟದ ಯಂತ್ರದಲ್ಲಿಯೂ ಅದು ಹಾಗೆ ಒಡನೆಯೇ ತಿಳಿಯುವುದಿಲ್ಲ. ಅಲ್ಲಿ ಸರದಿ ತಪ್ಪದಂತೆ ಮೊದಲೇ ಲೆಕ್ಕ ಹಾಕಿಟ್ಟವರು ಯಾರೋ ಇರಬೇಕು. ಯಾವ ಎಳೆಗೆ ಯಾವ ಅಂಕ, ಯಾರ ಕೈಯಲ್ಲಿ ಯಾವ ಬೀಗ, ಎಷ್ಟು ಬಿಡುವು ಉಳಿದಿದೆ ಎಂದು ಕಾಗದದ ಮೇಲೆ ಬರೆದು ನೋಡಿರಬೇಕು. ಮಾಚೇನಹಳ್ಳಿಯಂಥ ಊರುಗಳ ಯಂತ್ರಾಗಾರಗಳಿಗೆ ಕೆಲಸಕ್ಕೆ ಹೋಗಲಿರುವ ನಮ್ಮ ತರುಣ ತರುಣಿಯರು ಕಲಿಯಬೇಕಾದ ವಿದ್ಯೆಗಳಲ್ಲಿ ಇದೂ ಒಂದು. ಯಂತ್ರ ಚುರುಕಾಗಿದೆಯೇ ಎಂದು ಕೇಳುವ ಮೊದಲು, ಅದರಲ್ಲಿ ಯಾರು ಯಾರಿಗಾಗಿ ಎಷ್ಟು ಹೊತ್ತು ಕಾಯಬೇಕಾಗುತ್ತದೆ ಎಂದು ಅವರು ಕೇಳುವಂತಾಗಲಿ.